ಕರೆಂಟು, ನೀರು, ಕಸ: ಸರ್ಕಾರದ ಯಾವ ಬಾಗಿಲು ಮೊದಲು ತಟ್ಟಬೇಕು?

ನಮ್ಮ ಬೀದಿಯಲ್ಲಿ ಒಂದು ಸಲ ಸೋಲಾರ್ ಜ್ವರ ಬಂದಿತ್ತು. ಮೂಲೆ ಮನೆಯವರು ತಾರಸಿ ಮೇಲೆ ಪ್ಯಾನೆಲ್ ಹಾಕಿಸಿದರು. ತಿಂಗಳಾಗುವುದರೊಳಗೆ ಎದುರು ಮನೆಯವರೂ ಹಾಕಿಸಿದರು. "78 ಸಾವಿರ ಸರ್ಕಾರವೇ ಕೊಡುತ್ತಂತೆ, ಸುಮ್ನೆ ಬಿಡೋದ್ಯಾಕೆ?" ಅಂತ ನಮ್ಮತ್ತೆಯೂ ಶುರು ಮಾಡಿದರು. ಮಾತೇನೋ ಸರಿಯೇ. ಆದರೆ ನಮ್ಮನೆ ಕರೆಂಟ್ ಬಿಲ್ ಸೊನ್ನೆ ಬರುತ್ತಿತ್ತು. ಬರದೇ ಇರುವ ಬಿಲ್ಲನ್ನು ಇಳಿಸಲು ಲಕ್ಷಗಟ್ಟಲೆ ಸುರಿಯುವುದು ಯಾವ ಲೆಕ್ಕ? ಅದೇ ಬೇಸಿಗೆಯಲ್ಲಿ ನಾವು ನೀರಿನ ಟ್ಯಾಂಕರಿನವರಿಗೆ ದಿನ ಬಿಟ್ಟು ದಿನ ಫೋನು ಮಾಡುತ್ತಿದ್ದೆವು. ನಮ್ಮ ದುಡ್ಡು ಸೋರುತ್ತಿದ್ದದ್ದು ಸಂಪಿನಲ್ಲಿ, ನಾವು ನೋಡುತ್ತಿದ್ದದ್ದು ಮೀಟರ್ ಬೋರ್ಡನ್ನು.

ಹಾಗಾಗಿ ಯಾರಾದರೂ "ಯಾವ ಸ್ಕೀಮು ಒಳ್ಳೇದು?" ಅಂತ ಕೇಳಿದರೆ ಈಗ ನಾನು ಸಬ್ಸಿಡಿ ಎಷ್ಟು ಅಂತ ಹೇಳುವುದಿಲ್ಲ. ಮೊದಲು ಒಂದು ವರ್ಷದ ಕರೆಂಟ್ ಬಿಲ್, ನೀರಿನ ಬಿಲ್, ಟ್ಯಾಂಕರ್ ಖರ್ಚು ಒಂದು ಹಾಳೆ ಮೇಲೆ ಬರೆಯಿರಿ ಅನ್ನುತ್ತೇನೆ. ಸರ್ಕಾರ ಎಲ್ಲಿ ಜಾಸ್ತಿ ದುಡ್ಡು ಕೊಡುತ್ತದೋ ಅಲ್ಲೇ ನಿಮಗೂ ಜಾಸ್ತಿ ಉಳಿಯುತ್ತದೆ ಅಂತೇನಿಲ್ಲ. ಸೋಲಾರ್‌ಗೆ ಸರ್ಕಾರ ಕೈಗೆ ದುಡ್ಡು ಕೊಡುತ್ತದೆ. ಮಳೆನೀರಿಗೆ ದುಡ್ಡು ಕೊಡದೆ ನಿಯಮ ಮಾಡುತ್ತದೆ, ದಂಡ ಹಾಕುತ್ತದೆ, ಹೇಗೆ ಮಾಡಬೇಕು ಅಂತ ಹೇಳಿಕೊಡುತ್ತದೆ. ಕಸಕ್ಕೆ ನಮ್ಮಿಂದಲೇ ಶುಲ್ಕ ವಸೂಲಿ ಮಾಡುತ್ತದೆ. ಇಲ್ಲಿ ಬರೆದಿರುವುದು ಬೆಂಗಳೂರಿನ 30-40 ಸೈಟಿನ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ಹಳ್ಳಿಯವರಿಗೆ, ಸಣ್ಣ ಕಾರ್ಖಾನೆಯವರಿಗೆ ಕೊನೆಯಲ್ಲಿ ಸ್ವಲ್ಪ ಇದೆ.

ಕರೆಂಟು: 200 ಯೂನಿಟ್ ಗೆರೆಯ ಯಾವ ಕಡೆ ಇದ್ದೀರಿ?

ಕರ್ನಾಟಕದ ಮನೆಗಳ ಮಟ್ಟಿಗೆ ಎಲ್ಲ ಲೆಕ್ಕವನ್ನೂ ತಲೆಕೆಳಗು ಮಾಡಿದ್ದು ಗೃಹಜ್ಯೋತಿ. 2023ರ ಆಗಸ್ಟ್‌ನಿಂದ ಸೊನ್ನೆ ಬಿಲ್ ಬರತೊಡಗಿತು. 200 ಯೂನಿಟ್‌ವರೆಗೆ ಉಚಿತ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಒಳಗೊಂದು ಸಣ್ಣ ಕೊಂಡಿ ಇದೆ. 2022-23ರಲ್ಲಿ ನೀವು ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದಿರೋ ಅದರ ಮೇಲೆ ಶೇ. 10 ಸೇರಿಸಿ ನಿಮ್ಮ ಮಿತಿ ಹಾಕುತ್ತಾರೆ. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಶೇ. 10ರ ಬದಲು 10 ಯೂನಿಟ್ ಸೇರಿಸುತ್ತಾರೆ. ಹಳೆಯ ಲೆಕ್ಕವೇ ಇಲ್ಲದ ಹೊಸ ಮನೆಗೆ 58 ಯೂನಿಟ್. ಮಿತಿ ದಾಟಿದರೆ ದಾಟಿದಷ್ಟಕ್ಕೆ ಬಿಲ್. 200 ದಾಟಿದರೆ ಅಷ್ಟಕ್ಕೂ ಪೂರ್ತಿ ಬಿಲ್. ಬಾಡಿಗೆ ಮನೆಯವರಿಗೂ ಇದು ಸಿಗುತ್ತದೆ.

ಅಂದರೆ 199ಕ್ಕೂ 201ಕ್ಕೂ ನಡುವೆ ಇರುವುದು ಎರಡು ಯೂನಿಟ್ ಅಲ್ಲ, ಸಾವಿರಕ್ಕೂ ಮೇಲ್ಪಟ್ಟ ರೂಪಾಯಿ. ಸೋಲಾರ್ ಹಾಕಿಸಬೇಕೋ ಬೇಡವೋ ಅನ್ನುವುದನ್ನು ತೀರ್ಮಾನಿಸುವುದು ಈ ಗೆರೆಯೇ.

ತಿಂಗಳಿಗೆ 120-150 ಯೂನಿಟ್ ಬಳಸುವ, ಮಿತಿಯೊಳಗೇ ಇರುವ ಮನೆಯಾದರೆ ಸೋಲಾರ್ ಪ್ಯಾನೆಲ್ ನಿಮಗಲ್ಲ. ಪರಿಸರದ ಮೇಲಿನ ಪ್ರೀತಿಗೆ ಹಾಕಿಸುವುದಾದರೆ ಬೇರೆ ಮಾತು, ನಿಮಗೆ ನಮಸ್ಕಾರ. ಹಣದ ಲೆಕ್ಕದಲ್ಲಿ ಮಾತ್ರ ಅದು ಕೂರುವುದಿಲ್ಲ.

200ಕ್ಕೆ ಸ್ವಲ್ಪ ಮೇಲೆ, 210-240ರಲ್ಲಿ ತೂಗಾಡುವ ಮನೆಗಳದ್ದು ತಮಾಷೆಯ ಪರಿಸ್ಥಿತಿ. ಒಂದು ಉದಾಹರಣೆ ನೋಡೋಣ. ಮಿತಿ 195 ಯೂನಿಟ್, ಈಗಿನ ಬಳಕೆ 230. ತೆರಿಗೆ ಎಲ್ಲ ಸೇರಿ ಯೂನಿಟ್‌ಗೆ ಆರೂವರೆ ರೂಪಾಯಿ ಅಂತ ಹಿಡಿದರೆ ಬಿಲ್ ಸುಮಾರು 1,500, ಅದರ ಮೇಲೆ ನಿಗದಿತ ಶುಲ್ಕ. ಇವರು ಸೋಲಾರ್ ಕಂಪನಿಗೆ ಫೋನು ಮಾಡುವ ಮೊದಲು ತಲೆ ಎತ್ತಿ ಸೀಲಿಂಗ್ ಫ್ಯಾನ್ ನೋಡಬೇಕು. ಹಳೆಯ ಫ್ಯಾನು 75 ವ್ಯಾಟ್ ಆಸುಪಾಸು ಎಳೆಯುತ್ತದೆ. ಬಿಎಲ್‌ಡಿಸಿ ಫ್ಯಾನು 30ರ ಹತ್ತಿರ. ದಿನಕ್ಕೆ ಹತ್ತು ಗಂಟೆ ತಿರುಗಿದರೆ ಒಂದು ಫ್ಯಾನಿಗೆ ತಿಂಗಳಿಗೆ 13-14 ಯೂನಿಟ್ ಉಳಿತಾಯ. ಮೂರು ಫ್ಯಾನ್ ಬದಲಾಯಿಸಿದರೆ ಸುಮಾರು 40. ಅಂದರೆ 230 ಇದ್ದದ್ದು 190ಕ್ಕೆ ಇಳಿಯುತ್ತದೆ, ಬಿಲ್ ಸೊನ್ನೆ. ಮೂರು ಫ್ಯಾನಿಗೆ ಒಂಬತ್ತು-ಹತ್ತು ಸಾವಿರ ಆಗಬಹುದು. ಸಬ್ಸಿಡಿ ಬಿಡಿಗಾಸೂ ಇಲ್ಲ. ಆದರೂ 78 ಸಾವಿರದ ಸಬ್ಸಿಡಿಗಿಂತ ಈ ಮನೆಗೆ ಇದೇ ಲಾಭ.

ಇಲ್ಲಿ ಸರ್ಕಾರದ ಸಹಾಯ ಏನೂ ಇಲ್ಲ ಅನ್ನಬೇಡಿ. ಫ್ಯಾನಿನ ಮೇಲಿನ ನಕ್ಷತ್ರದ ಚೀಟಿಯೇ ಆ ಸಹಾಯ. 2002ರಲ್ಲಿ ಶುರುವಾದ ಬ್ಯೂರೋ ಆಫ್ ಎನರ್ಜಿ ಎಫಿಷಿಯೆನ್ಸಿ, ಅಂದರೆ ಬಿಇಇ, 2006ರಿಂದ ಈ ಸ್ಟಾರ್ ಲೇಬಲ್ ಕೊಡುತ್ತಿದೆ. ಸೀಲಿಂಗ್ ಫ್ಯಾನಿಗೆ ಅದು ಕಡ್ಡಾಯವಾದದ್ದು 2023ರ ಜನವರಿ 1ರಿಂದ. ಅಂಗಡಿಯವರು "ಇದೂ ಅದೇ ಸಾರ್, ಹೆಸರಷ್ಟೇ ಬೇರೆ" ಅಂದರೆ ಬಾಯಿ ಮಾತು ಬಿಟ್ಟು ಚೀಟಿ ನೋಡಿ.

ಇನ್ನು 300 ಯೂನಿಟ್ ಮೇಲೆ ಇರುವವರು. ಎರಡು ಮಹಡಿ, ಎಸಿ, ಗೀಸರ್, ಈಗ ಸ್ಕೂಟರ್ ಚಾರ್ಜಿಂಗ್ ಬೇರೆ. ತಾರಸಿ ಸೋಲಾರ್ ಪ್ಯಾನೆಲ್ಲಿಗೆ ಕೇಂದ್ರ ಸರ್ಕಾರ ಸಬ್ಸಿಡಿ ಕೊಡುವ ಪಿಎಂ ಸೂರ್ಯ ಘರ್ ಯೋಜನೆ ನಿಮಗೆ ಹೇಳಿ ಮಾಡಿಸಿದಂಥದ್ದು. 2024ರ ಫೆಬ್ರವರಿಯಲ್ಲಿ ಬಂದ ಈ ಯೋಜನೆಯ ಗುರಿ ಒಂದು ಕೋಟಿ ಮನೆ, ಅಂದಾಜು ವೆಚ್ಚ 75,021 ಕೋಟಿ. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಒಟ್ಟು 78,000. ನಾಲ್ಕನೆಯದಕ್ಕೆ ಏನೂ ಇಲ್ಲ.

ಈ ಕೊನೆಯ ಮಾತು ನೆನಪಿಡಿ. ನಮ್ಮ ಮನೆಗೆ ಬಂದಿದ್ದ ಸೋಲಾರ್‌ನವರೊಬ್ಬರು ಒಂದೇ ಉಸಿರಿಗೆ ಐದು ಕಿಲೋವ್ಯಾಟ್ ಬರೆದುಕೊಟ್ಟರು. "ಸಬ್ಸಿಡಿ ಇದೆಯಲ್ಲಾ ಸಾರ್!" ಇದೆ, ಸರಿ. ಆದರೆ ಮೂರಕ್ಕೂ ಅಷ್ಟೇ, ಐದಕ್ಕೂ ಅಷ್ಟೇ. ಮೇಲಿನ ಎರಡು ಕಿಲೋವ್ಯಾಟ್ ಪೂರಾ ನಮ್ಮ ಜೇಬಿನದ್ದು. ಆ ವಿಷಯ ಅವರು ಎತ್ತಲೇ ಇಲ್ಲ.

ಒಂದು ಕಿಲೋವ್ಯಾಟ್‌ನಿಂದ ದಿನಕ್ಕೆ ಸರಾಸರಿ 4 ಯೂನಿಟ್ ಅಂತ ಹಿಡಿಯಬಹುದು. ಮೂರಕ್ಕೆ ತಿಂಗಳಿಗೆ 350-360. ಮೂರು ಕಿಲೋವ್ಯಾಟ್‌ಗೆ ಎರಡು ಲಕ್ಷದ ಹತ್ತಿರ ತಗುಲಿದರೆ, ಸಬ್ಸಿಡಿ ಕಳೆದು ಒಂದೂಕಾಲು ಲಕ್ಷದೊಳಗೆ ಬರುತ್ತದೆ. 350 ಯೂನಿಟ್ ಬಳಸುವ ಮನೆಗೆ ತಿಂಗಳಿಗೆ 2,200 ಚಿಲ್ಲರೆ ಉಳಿಯುತ್ತದೆ. ಐದು ವರ್ಷದೊಳಗೆ ಹಾಕಿದ ದುಡ್ಡು ವಾಪಸ್. ನಿಗದಿತ ಶುಲ್ಕ ಮಾತ್ರ ಬರುತ್ತಲೇ ಇರುತ್ತದೆ, ಅದನ್ನು ಯಾವ ಸೂರ್ಯನೂ ತೆಗೆಯಲಾರ.

ಕೈ ಹಾಕುವ ಮೊದಲು ತಿಳಿದಿರಬೇಕಾದದ್ದು ಇನ್ನೂ ಇದೆ. ಸಬ್ಸಿಡಿ ಮೊದಲೇ ಕೈಗೆ ಬರುವುದಿಲ್ಲ. ಪ್ಯಾನೆಲ್ ಕೂರಿಸಿ, ಬೆಸ್ಕಾಂನವರು ಬಂದು ನೋಡಿ, ನೆಟ್ ಮೀಟರ್ (ನಾವು ಲೈನಿಗೆ ಕೊಟ್ಟ ಕರೆಂಟನ್ನೂ ತೆಗೆದುಕೊಂಡದ್ದನ್ನೂ ಅಳೆಯುವುದು) ಹಾಕಿ, ಕರೆಂಟು ಹರಿದ ಮೇಲೆ ಬ್ಯಾಂಕ್ ಖಾತೆಗೆ ಬೀಳುತ್ತದೆ. ಅಲ್ಲಿಯವರೆಗೆ ಪೂರ್ತಿ ದುಡ್ಡು ನೀವೇ ಹೊಂದಿಸಬೇಕು. ಇಲ್ಲದಿದ್ದರೆ ಬ್ಯಾಂಕುಗಳು ಅಡಮಾನ ಇಲ್ಲದೆ ಕೊಡುವ ಸಾಲ ತೆಗೆದುಕೊಳ್ಳಬಹುದು. ಭಾರತದಲ್ಲೇ ತಯಾರಾದ ಸೆಲ್ ಮತ್ತು ಪ್ಯಾನೆಲ್ ಆದರೆ ಮಾತ್ರ ಸಬ್ಸಿಡಿ. ಅಗ್ಗದ ಕೊಟೇಶನ್ ಕೊಟ್ಟವರನ್ನು ಇದನ್ನೇ ಮೊದಲು ಕೇಳಿ. ತಾರಸಿ ನಿಮ್ಮದಾಗಿರಬೇಕು. ಒಂದು ಕಿಲೋವ್ಯಾಟ್‌ಗೆ ನೂರು ಚದರಡಿಯಷ್ಟು ಜಾಗ, ಅದೂ ನೆರಳಿಲ್ಲದ್ದು ಬೇಕು. ಪಕ್ಕದವರ ತೆಂಗಿನ ಮರ, ನಮ್ಮದೇ ನೀರಿನ ಟ್ಯಾಂಕು, ದಕ್ಷಿಣಕ್ಕೆ ನಾಳೆ ಏಳಬಹುದಾದ ನಾಲ್ಕು ಮಹಡಿ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಮತ್ತೆ, ಬ್ಯಾಟರಿ ಇಲ್ಲದ ಈ ವ್ಯವಸ್ಥೆ ಕರೆಂಟು ಹೋದಾಗ ತಾನೂ ನಿಂತುಬಿಡುತ್ತದೆ. ಲೈನ್ ಮೇಲೆ ಕೆಲಸ ಮಾಡುವ ಲೈನ್‌ಮ್ಯಾನ್‌ಗೆ ಶಾಕ್ ಹೊಡೆಯಬಾರದು ಅಂತ ಹಾಗೆ ಮಾಡಿರುವುದು. "ಸೋಲಾರ್ ಇದ್ದೂ ಕತ್ತಲಾ?" ಅಂತ ಎದುರು ಮನೆಯವರು ಮೊದಲ ವಾರವೇ ಕೇಳಿದ್ದರು.

ಅಪಾರ್ಟ್‌ಮೆಂಟ್‌ನವರಿಗೆ ಬೇರೆ ದಾರಿ ಇದೆ. ಲಿಫ್ಟು, ಪಂಪು, ಕಾರಿಡಾರ್ ದೀಪದಂಥ ಎಲ್ಲರ ಬಳಕೆಗೆ ಸಂಘವೇ ಅರ್ಜಿ ಹಾಕಿದರೆ ಕಿಲೋವ್ಯಾಟ್‌ಗೆ 18,000 ರೂಪಾಯಿ ಸಿಗುತ್ತದೆ. 500 ಕಿಲೋವ್ಯಾಟ್‌ವರೆಗೂ ಅವಕಾಶವಿದೆ. ಬಿಡಿ ಮನೆಗಿಂತ ಇಲ್ಲಿ ಲೆಕ್ಕ ಸುಲಭವಾಗಿ ಕೂರುತ್ತದೆ, ಯಾಕೆಂದರೆ ಈ ಬಿಲ್ಲಿಗೆ ಗೃಹಜ್ಯೋತಿ ಇಲ್ಲ. ಕಷ್ಟ ಇರುವುದು ಮೀಟಿಂಗಿನಲ್ಲಿ ಎಲ್ಲರನ್ನೂ ಒಪ್ಪಿಸುವುದರಲ್ಲಿ.

ಇನ್ನೊಂದು ಇದೆ, ನಾವು ಮರೆತೇಬಿಟ್ಟದ್ದು. ಬಿಸಿನೀರಿನ ಸೋಲಾರ್. ಬೆಂಗಳೂರಿನ ತಾರಸಿಗಳ ಮೇಲೆ ಇದು ಎಷ್ಟೋ ವರ್ಷದಿಂದ ಕೂತಿದೆ. ಬೆಸ್ಕಾಂ ಇದಕ್ಕೆ ಯೂನಿಟ್‌ಗೆ 50 ಪೈಸೆಯಂತೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ ಕೊಡುತ್ತಾ ಬಂದಿದೆ. ಐವತ್ತು ರೂಪಾಯಿಗೆ ಏನು ಬರುತ್ತೆ ಅನ್ನಬೇಡಿ. ನಿಜವಾದ ಉಳಿತಾಯ ಗೀಸರ್ ಆರಿಸುವುದರಲ್ಲಿದೆ. ಎರಡು ಕಿಲೋವ್ಯಾಟ್ ಗೀಸರ್ ದಿನಕ್ಕೆ ಅರ್ಧ ಗಂಟೆ ಉರಿದರೂ ತಿಂಗಳಿಗೆ 30 ಯೂನಿಟ್. ಮತ್ತೆ ಅದೇ 200ರ ಗೆರೆ ನೆನಪಿಸಿಕೊಳ್ಳಿ.

ನೀರು: ಸಬ್ಸಿಡಿ ಇಲ್ಲ, ದಂಡ ಇದೆ, ಆದರೂ ಲಾಭ

ನೀರಿನ ವಿಷಯದಲ್ಲಿ ಜಲಮಂಡಳಿ ಮೇಷ್ಟರ ಹಾಗೆ. ಒಂದು ಕೈಯಲ್ಲಿ ಬೆತ್ತ, ಇನ್ನೊಂದು ಕೈಯಲ್ಲಿ ಪಾಠದ ಪುಸ್ತಕ.

ಬೆತ್ತ ಹೀಗಿದೆ. 2009ರಲ್ಲಿ ಕಾನೂನು ತಿದ್ದಿ ಮಳೆನೀರು ಕೊಯ್ಲು ಕಡ್ಡಾಯ ಮಾಡಿದರು. 40-60 ಸೈಟಿನ ಹಳೆಯ ಮನೆಗಳಿಗೂ, 30-40 ಸೈಟಿನ ಹೊಸ ಮನೆಗಳಿಗೂ ಇದು ಅನ್ವಯ. ಮಾಡಿಸದಿದ್ದರೆ ವಾಸದ ಮನೆಗೆ ಮೊದಲ ಮೂರು ತಿಂಗಳು ನೀರಿನ ಬಿಲ್ಲಿನ ಅರ್ಧದಷ್ಟು ದಂಡ, ಆಮೇಲೆ ಬಿಲ್ಲಿನಷ್ಟೇ ದಂಡ. ಎಷ್ಟೋ ಜನ ಪ್ರತಿ ತಿಂಗಳು ಇದನ್ನು ಕಟ್ಟುತ್ತಲೇ ಇದ್ದಾರೆ, ಬಿಲ್ಲಿನಲ್ಲಿ ಆ ಸಾಲನ್ನು ಓದುವುದೇ ಇಲ್ಲ. ನಿಮ್ಮ ಬಿಲ್ ಒಮ್ಮೆ ತೆಗೆದು ನೋಡಿ.

ಪಾಠದ ಪುಸ್ತಕ ಇರುವುದು ಜಯನಗರ 5ನೇ ಬ್ಲಾಕಿನಲ್ಲಿ. ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಥೀಮ್ ಪಾರ್ಕ್ ಅಂತ ಹೆಸರು. ಫಿಲ್ಟರ್ ಹೇಗಿರುತ್ತದೆ, ಇಂಗು ಗುಂಡಿ ಎಷ್ಟು ಆಳ ಇರಬೇಕು, ಮೊದಲ ಮಳೆಯ ಕೊಳೆ ನೀರನ್ನು ಹೇಗೆ ಆಚೆ ಬಿಡಬೇಕು ಅನ್ನುವುದನ್ನೆಲ್ಲ ಮಾದರಿ ಕಟ್ಟಿ ತೋರಿಸಿದ್ದಾರೆ. ನನ್ನ ಅನುಭವದಲ್ಲಿ ಪ್ಲಂಬರನ್ನೂ ಜೊತೆಗೆ ಕರೆದುಕೊಂಡು ಹೋಗುವುದು ಒಳ್ಳೇದು. ನಾವು ವಿವರಿಸಿದರೆ ಅವರು ತಲೆ ಆಡಿಸುತ್ತಾರೆ, ಕಣ್ಣಾರೆ ನೋಡಿದರೆ ಮಾಡುತ್ತಾರೆ. ಐಐಎಸ್‌ಸಿ ಆವರಣದಲ್ಲಿರುವ ಕೆಎಸ್‌ಸಿಎಸ್‌ಟಿ, ಅಂದರೆ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಕೂಡ ಈ ವಿಷಯದಲ್ಲಿ ಹಳೆಯ ಕೈ. ಅಲ್ಲಿ ಕೆಲಸ ಮಾಡಿದ ಎ.ಆರ್. ಶಿವಕುಮಾರ್ ವಿಜಯನಗರದ ತಮ್ಮ ಮನೆಗೆ ಕಾವೇರಿ ಸಂಪರ್ಕವನ್ನೇ ತೆಗೆದುಕೊಳ್ಳದೆ 1995ರಿಂದ ಮಳೆ ನೀರಿನಲ್ಲೇ ಸಂಸಾರ ಮಾಡಿ ತೋರಿಸಿದವರು.

ಲೆಕ್ಕ ಮಾಡೋಣ. ಒಂದು ಚದರ ಮೀಟರ್ ತಾರಸಿ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ. ನೂರು ಚದರ ಮೀಟರ್ ತಾರಸಿ ಅಂದರೆ 97,000 ಲೀಟರ್. ಸೋರಿದ್ದು, ಆರಿದ್ದು, ಮೊದಲ ಮಳೆಗೆ ಬಿಟ್ಟದ್ದು ಎಲ್ಲ ಕಳೆದು 75,000 ಅನ್ನಿ. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಜಿಲ್ಲಾಡಳಿತ 12,000 ಲೀಟರ್ ಟ್ಯಾಂಕರ್‌ಗೆ 5 ಕಿಲೋಮೀಟರ್ ಒಳಗೆ 1,000 ರೂಪಾಯಿ ಅಂತ ದರ ಕಟ್ಟಿತ್ತು. ಆ ಲೆಕ್ಕದಲ್ಲಿ ತಾರಸಿ ಮೇಲೆ ವರ್ಷಕ್ಕೆ ಆರು ಟ್ಯಾಂಕರ್ ಸುರಿಯುತ್ತಿದೆ. ನಾವು ಅದನ್ನು ಮೋರಿಗೆ ಬಿಡುತ್ತಿದ್ದೇವೆ.

ಸಂಪು ಮೊದಲೇ ಇರುವ ಮನೆಗೆ ಖರ್ಚು ದೊಡ್ಡದೇನಲ್ಲ. ಒಂದು ಫಿಲ್ಟರ್, ಸ್ವಲ್ಪ ಪೈಪು, ಪ್ಲಂಬರ್‌ಗೆ ಎರಡು ದಿನದ ಕೂಲಿ. ಸಂಪಿಗೆ ಬಿಡುವುದೋ ನೆಲಕ್ಕೆ ಇಂಗಿಸುವುದೋ ಅನ್ನುವುದು ಮುಂದಿನ ಪ್ರಶ್ನೆ. ಟ್ಯಾಂಕರ್ ನಂಬಿದವರು ಸಂಪಿಗೇ ಬಿಡಿ, ಮಳೆ ಬಂದ ದಿನವೇ ಫಲ ಕಾಣುತ್ತದೆ. ಬೋರ್‌ವೆಲ್ ಇದ್ದವರು ಇಂಗು ಬಾವಿಯನ್ನೂ ತೋಡಿಸಿ. ಮೂರಡಿ ಅಗಲ, ಇಪ್ಪತ್ತಡಿ ಆಳ ಸಾಕು. ಬೆಂಗಳೂರಿನ ಸುತ್ತ ತಲೆತಲಾಂತರದಿಂದ ಬಾವಿ ತೋಡುವ ಕುಟುಂಬಗಳು ಇನ್ನೂ ಇವೆ, ಅವರಿಗೆ ಮಣ್ಣು ನೋಡಿದರೇ ಗೊತ್ತಾಗುತ್ತದೆ. ಇಂಗಿಸಿದ ನೀರು ನಿಮ್ಮ ಬೋರಿಗೇ ಬರುತ್ತದೆ ಅಂತ ಗ್ಯಾರಂಟಿ ಏನಿಲ್ಲ. ಪಕ್ಕದ ಬೀದಿಯವರಿಗೂ ಹೋಗಬಹುದು. ಹೋಗಲಿ ಬಿಡಿ.

ಬಾಡಿಗೆ ಮನೆಯವರು ಮಾಡಬಹುದಾದದ್ದು ನಲ್ಲಿಗೆ ಏರೇಟರ್. ನೂರು ರೂಪಾಯಿ ಆಚೀಚೆ. ಮಾಮೂಲಿ ನಲ್ಲಿ ನಿಮಿಷಕ್ಕೆ ಹತ್ತು ಲೀಟರ್‌ಗೂ ಜಾಸ್ತಿ ಸುರಿದರೆ ಏರೇಟರ್ ಹಾಕಿದ್ದು ಮೂರರಿಂದ ಆರರಲ್ಲೇ ಮುಗಿಸುತ್ತದೆ. 2024ರಲ್ಲಿ ಜಲಮಂಡಳಿ ಅಪಾರ್ಟ್‌ಮೆಂಟ್, ಹೋಟೆಲ್, ಅಂಗಡಿಗಳಿಗೆ ಇದನ್ನು ಕಡ್ಡಾಯ ಮಾಡಿತು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದದ್ದೂ ಆಗಲೇ. ಮನೆ ಬಿಟ್ಟು ಹೋಗುವಾಗ ಏರೇಟರ್ ಬಿಚ್ಚಿಕೊಂಡೂ ಹೋಗಬಹುದು.

ಹಾಗೆ ನೋಡಿದರೆ ನೀರು ಉಳಿಸುವುದೂ ಕರೆಂಟು ಉಳಿಸುವುದೇ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಬರಬೇಕು, ಅದೂ ಹಾರೋಹಳ್ಳಿ, ತಾತಗುಣಿಯಲ್ಲಿ ಮತ್ತೆ ಮತ್ತೆ ಮೇಲೆತ್ತಿಸಿಕೊಂಡು. ಆ ಪಂಪುಗಳ ಕರೆಂಟು ನಮ್ಮ ಮನೆಯ ಮೀಟರಿನಲ್ಲಿ ಕಾಣುವುದಿಲ್ಲ, ಅಷ್ಟೇ.

ಕಸ: ದುಡ್ಡು ಉಳಿಯುವುದಿಲ್ಲ, ಆದರೂ ಇವತ್ತೇ ಶುರು ಮಾಡಬಹುದು

ಇಲ್ಲಿ ಸುಳ್ಳು ಆಸೆ ಹುಟ್ಟಿಸುವುದಿಲ್ಲ. 2025ರ ಏಪ್ರಿಲ್‌ನಿಂದ ಬೆಂಗಳೂರಿನಲ್ಲಿ ಕಸದ ಶುಲ್ಕ ಆಸ್ತಿ ತೆರಿಗೆ ಜೊತೆ ಬರುತ್ತಿದೆ. 600 ಚದರಡಿವರೆಗೆ ತಿಂಗಳಿಗೆ 10 ರೂಪಾಯಿ, 1,000ದವರೆಗೆ 50, 2,000ದವರೆಗೆ 100, 3,000ದವರೆಗೆ 150, 4,000ದವರೆಗೆ 200, ಅದರ ಮೇಲೆ 400. ಗಮನಿಸಿ, ಇದು ಮನೆಯ ಅಳತೆಗೆ, ಕಸದ ತೂಕಕ್ಕಲ್ಲ. ದಿನಾ ಮೂರು ಬಕೆಟ್ ಕಸ ಕೊಡುವವರೂ ಮುಷ್ಟಿಯಷ್ಟು ಕೊಡುವವರೂ ಒಂದೇ ಅಳತೆಯ ಮನೆಯಲ್ಲಿದ್ದರೆ ಒಂದೇ ಶುಲ್ಕದ ಪಟ್ಟಿಯಲ್ಲಿ ಬರುತ್ತಾರೆ. ಇದು ನನಗೆ ಸರಿ ಕಾಣುವುದಿಲ್ಲ.

ಹಾಗಾದರೆ ಗೊಬ್ಬರ ಯಾಕೆ ಮಾಡಬೇಕು? ಬೆಂಗಳೂರಿನ ಅಂಚಿನ ಮಂಡೂರು ಹಳ್ಳಿ ನೆನಪಿದೆಯಲ್ವಾ. ಊರಿನ ಕಸ ಸುರಿದೂ ಸುರಿದೂ, ಅಲ್ಲಿಯವರು ಲಾರಿ ತಡೆದು, 2014ರ ಕೊನೆಗೆ ಅಲ್ಲಿ ಸುರಿಯುವುದು ನಿಂತಿತು. ಮನೆ ಕಸದಲ್ಲಿ ಅರ್ಧಕ್ಕಿಂತ ಜಾಸ್ತಿ ಹಸಿ ಕಸ. ಅದು ಮನೆಯಲ್ಲೇ ಉಳಿದರೆ ಇನ್ನೊಂದು ಹಳ್ಳಿಯ ಕೆರೆಗೆ ಹೋಗುವುದಿಲ್ಲ.

ಕಲಿಯಲು ಎಚ್‌ಎಸ್‌ಆರ್ ಬಡಾವಣೆಯ ಸ್ವಚ್ಛ ಗೃಹ ಕಲಿಕಾ ಕೇಂದ್ರಕ್ಕೆ ಹೋಗಿ. ಹತ್ತಾರು ಬಗೆಯ ಡಬ್ಬಿ, ಮಡಕೆ, ತೊಟ್ಟಿ ಸಾಲಾಗಿ ಇಟ್ಟಿದ್ದಾರೆ. ಯಾವುದು ನಿಮ್ಮ ಬಾಲ್ಕನಿಗೆ ಹೊಂದುತ್ತದೆ ಅಂತ ಮುಟ್ಟಿ ನೋಡಬಹುದು. ನಾನು ಹೋಗದೆ ಶುರು ಮಾಡಿದ್ದೆ. ಮೊದಲ ಡಬ್ಬಿ ಗಬ್ಬೆದ್ದು ನಾರಿತು, ಮನೆಯಲ್ಲಿ ಎರಡು ದಿನ ನನ್ನ ಜೊತೆ ಯಾರೂ ಮಾತಾಡಲಿಲ್ಲ. ತಪ್ಪು ಸಣ್ಣದು: ಒಣಗಿದ ಎಲೆ, ತೆಂಗಿನ ನಾರಿನ ಪುಡಿ ಹಾಕಿದ್ದು ಸಾಲದು. ಹಸಿ ಕಸ ಒಂದು ಹಿಡಿ ಹಾಕಿದರೆ ಒಣಗಿದ್ದೂ ಒಂದು ಹಿಡಿ ಬೀಳಬೇಕು. ಹುಳಿ ಮಜ್ಜಿಗೆ ಒಂದು ಲೋಟ ಹಾಕಿದರೆ ಬೇಗ ಕೊಳೆಯುತ್ತದೆ.

ಒಣ ಕಸಕ್ಕೆ ವಾರ್ಡಿನ ಒಣಕಸ ಸಂಗ್ರಹಣಾ ಕೇಂದ್ರಗಳಿವೆ. ಹಾಲಿನ ಕವರು ತೊಳೆದು ಒಣಗಿಸಿ ಕೊಡಿ, ಅಲ್ಲಿ ಬೇರ್ಪಡಿಸುವವರ ಕೈ ನೆನಪಿರಲಿ. ನೂರು ಮನೆಗಳ ಅಪಾರ್ಟ್‌ಮೆಂಟ್ ಆದರೆ ನೀವು ಬಲ್ಕ್, ಅಂದರೆ ದೊಡ್ಡ ಪ್ರಮಾಣದಲ್ಲಿ ಕಸ ಹುಟ್ಟಿಸುವವರ ಲೆಕ್ಕಕ್ಕೆ ಬರುತ್ತೀರಿ. ಹಸಿ ಕಸವನ್ನು ಒಳಗೇ ಗೊಬ್ಬರ ಮಾಡಬೇಕು, ಇಲ್ಲವೇ ಪಾಲಿಕೆ ಒಪ್ಪಿದ ಏಜೆನ್ಸಿಗೆ ದುಡ್ಡು ಕೊಟ್ಟು ಕೊಡಬೇಕು. ಅಂಥ ಕಡೆ ಗೊಬ್ಬರದಿಂದ ದುಡ್ಡೂ ಉಳಿಯುತ್ತದೆ.

ಹಳ್ಳಿಯಲ್ಲಿ, ಕಾರ್ಖಾನೆಯಲ್ಲಿ

ಊರಲ್ಲಿ ಜಮೀನಿರುವವರಿಗೆ ಕುಸುಮ್-ಬಿ ಮತ್ತು ಹನಿ ನೀರಾವರಿ ಎರಡೂ ಇವೆ. ಕುಸುಮ್-ಬಿಯಲ್ಲಿ ಸೋಲಾರ್ ಪಂಪಿಗೆ ಕೇಂದ್ರ ಶೇ. 30, ರಾಜ್ಯ ಶೇ. 50, ರೈತರದ್ದು ಶೇ. 20. ಆದರೆ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಪುಕ್ಕಟೆ ಇರುವಾಗ ಇದು ಯಾಕೆ? ಹಗಲು ನೀರು ಬಿಡಬಹುದು ಅಂತ. ರಾತ್ರಿ ತ್ರೀ ಫೇಸ್ ಬಂತು ಅಂತ ಹಾವು ಹುಳ ತುಳಿದುಕೊಂಡು ಓಡುವುದು ತಪ್ಪುತ್ತದೆ. ಬಿಲ್ಲಿಗಿಂತ ಅದು ದೊಡ್ಡದು. ಆದರೂ ಬೋರಿನಲ್ಲಿ ನೀರೇ ಕಡಿಮೆ ಇದ್ದರೆ ಮೊದಲು ಡ್ರಿಪ್. ರಾಜ್ಯದಲ್ಲಿ ಎರಡು ಹೆಕ್ಟೇರ್‌ವರೆಗೆ ಶೇ. 90 ಸಹಾಯಧನ ಇದೆ. ಎರಡಕ್ಕೂ ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ), ಪಹಣಿ ಸರಿ ಇಟ್ಟುಕೊಳ್ಳಿ.

ಪೀಣ್ಯದಂಥ ಕಡೆ ಸಣ್ಣ ಕಾರ್ಖಾನೆ ಇಟ್ಟವರು ಎರಡು ಹೆಸರು ಬರೆದಿಟ್ಟುಕೊಳ್ಳಿ. ಒಂದು ಝೆಡ್ ಸರ್ಟಿಫಿಕೇಟ್, ಅಂದರೆ ದೋಷವಿಲ್ಲದೆ, ಪರಿಸರಕ್ಕೆ ಹಾನಿಯಿಲ್ಲದೆ ಸರಕು ತಯಾರಿಸುವ ಘಟಕಕ್ಕೆ ಕೇಂದ್ರ ಸರ್ಕಾರ ಕೊಡುವ ಪ್ರಮಾಣಪತ್ರ. ಶುಲ್ಕದಲ್ಲಿ ಅತಿಸಣ್ಣ ಘಟಕಕ್ಕೆ ಶೇ. 80, ಸಣ್ಣದಕ್ಕೆ ಶೇ. 60, ಮಧ್ಯಮಕ್ಕೆ ಶೇ. 50 ಸಹಾಯ, ಹೆಂಗಸರ ಹೆಸರಿನ ಘಟಕಕ್ಕೆ ಪೂರ್ತಿ ಮಾಫಿ. ಇನ್ನೊಂದು 2025ರ ಜುಲೈನಲ್ಲಿ ಬಿಇಇ ಶುರು ಮಾಡಿದ ಅದಿತಿ ಯೋಜನೆ. ಕರೆಂಟು ಉಳಿಸುವ ಯಂತ್ರಕ್ಕೆ ಸಾಲ ಮಾಡಿದರೆ ಅತಿಸಣ್ಣ ಮತ್ತು ಸಣ್ಣ ಘಟಕಕ್ಕೆ ಬಡ್ಡಿಯಲ್ಲಿ ಶೇ. 5, ಮಧ್ಯಮಕ್ಕೆ ಶೇ. 3 ಇಳಿಸುತ್ತಾರೆ. ಆಯ್ದ 14 ವಲಯಗಳಿಗೆ ಮಾತ್ರ. ಹಳೆಯ ಕಂಪ್ರೆಸರ್ ಬದಲಿಸುವ ಯೋಚನೆ ಇದ್ದವರು ನಿಮ್ಮ ವಲಯ ಪಟ್ಟಿಯಲ್ಲಿದೆಯೇ ನೋಡಿದ ಮೇಲೇ ಬ್ಯಾಂಕಿಗೆ ಹೋಗಿ.

ಒಂದಷ್ಟು ದುಡ್ಡು ಕೈಯಲ್ಲಿದ್ದರೆ

ಐದು ಸಾವಿರ ಇದ್ದರೆ ಏರೇಟರ್, ಗೊಬ್ಬರದ ಡಬ್ಬಿ, ಒಂದು ಫ್ಯಾನು. ಇಪ್ಪತ್ತು-ಮೂವತ್ತು ಸಾವಿರ ಇದ್ದು, ಟ್ಯಾಂಕರ್ ತರಿಸುತ್ತಿದ್ದರೆ ಮಳೆನೀರು. ಬಿಲ್ 200ರ ಗೆರೆ ಮೇಲೆ ತೂಗಾಡುತ್ತಿದ್ದರೆ ಫ್ಯಾನು ಮತ್ತು ಬಿಸಿನೀರಿನ ಸೋಲಾರ್. ಲಕ್ಷದ ಮೇಲೆ ಇದ್ದು, ಬಳಕೆ 300 ದಾಟಿ, ತಾರಸಿ ನಿಮ್ಮದೇ ಆಗಿ, ನೆರಳಿಲ್ಲದಿದ್ದರೆ ಮಾತ್ರ ಸೂರ್ಯ ಘರ್. ನಾವು ಕೊನೆಗೆ ಮಾಡಿಸಿದ್ದು ಮಳೆನೀರಿನದ್ದು. ಅತ್ತೆಗೆ ಸೋಲಾರ್ ಇಲ್ಲದ ಬೇಜಾರು ಪೂರ್ತಿ ಹೋಗಿಲ್ಲ, ಆದರೆ ಮೇ ತಿಂಗಳ ಮಳೆಗೆ ಸಂಪಿನ ಮುಚ್ಚಳ ತೆಗೆದು ಎಷ್ಟು ತುಂಬಿದೆ ಅಂತ ಮೊದಲು ಬಗ್ಗಿ ನೋಡುವವರು ಅವರೇ.

ನೀವೂ ಅದನ್ನೇ ಮಾಡಿಸುವುದಾದರೆ ಮಾರ್ಚ್‌ನಲ್ಲೇ ಪ್ಲಂಬರ್‌ಗೆ ಹೇಳಿಬಿಡಿ. ಮೊದಲ ಮಳೆ ಬಿದ್ದ ಮಾರನೇ ದಿನದಿಂದ ಅವರ ಫೋನು ಎಂಗೇಜ್.